ಹೆಸರು ಬರುವಾಗ ಲೈಟ್ ಹಾಕಬೇಡಿ

ಸಿನಿಮಾ ಹಾಲ್‌ನಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಪಿಕ್ಚರ್ ಎಲ್ಲ ಫ್ರೀಯಾ? ಮೊನ್ನೆ ಕುಂದಾಪುರ ಕಡೆಯ ಒಬ್ಬಳು, ಮಸ್ಕತ್‌ನ ಯಾವುದೋ ಮಾಲ್‌ನ ಹಾಲ್‌ಗೆ ಸೇರುವವಳು, ನನಗೂ ಅದನ್ನೇ ಬರೆದು ಕೇಳಿದ್ದಾಳೆ. ಅವಳಿಗೂ ಅವಳಂಥವರಿಗೂ ಉತ್ತರ ಇಲ್ಲೇ ಹಾಕಿಬಿಡುತ್ತೇನೆ. ಹೌದಮ್ಮ, ಫ್ರೀ. ಆದರೆ ನೀನು ನೋಡುವುದಿಲ್ಲ. ನೀನು ನೋಡುವುದು ಮುರಿದ ಕುರ್ಚಿಯನ್ನು, ಸೋರುವ ಏಸಿಯನ್ನು, ಎರಡನೇ ಸಾಲಿನಲ್ಲಿ ವಾಂತಿ ಮಾಡಿದ ಮಗುವನ್ನು, ಆಮೇಲೆ ನಿನ್ನ ಮೇಲಿನವರ ಮುಖವನ್ನು. ಪಿಕ್ಚರ್ ನೋಡುವ ಆಸೆಯಿದ್ದರೆ ಬ್ಯಾಂಕಿಗೆ ಸೇರಿಕೊಂಡು ಟಿಕೆಟ್ ತೆಗೆ.

ನಾನು ಹೆನ್ರಿ, ಉಡುಪಿ ಕಡೆಯವನು. ಒಮಾನಿನ ಸುವೈಕ್ ಪೇಟೆಯ ಒಂದೇ ಪರದೆಯ ಹಾಲ್‌ನಲ್ಲಿ ಮೆಷಿನ್ ರೂಮಿಗೆ ಸೇರಿ, ಕೊನೆಗೆ ಮ್ಯಾನೇಜರ್ ಆಗಿ, ಹೋದ ವರ್ಷ ಬಿಟ್ಟೆ. ಮ್ಯಾನೇಜರ್ ಆದದ್ದು ಹೇಗೆ ಎಂದು ಬರೆದು ಬೇಸರ ಮಾಡುವುದಿಲ್ಲ. ಮೇಲಿದ್ದವರು ಒಬ್ಬೊಬ್ಬರಾಗಿ ದುಬೈಗೆ ಹಾರಿದರು, ನಾನು ಉಳಿದೆ, ಅಷ್ಟೇ ಕಥೆ. ಬಿಟ್ಟದ್ದು ಯಾಕೆಂದರೆ ಆ ಕುರ್ಚಿ ಇನ್ನು ಒಮಾನಿಗಳಿಗೆ ಎಂದು ಕಂಪನಿ ತೀರ್ಮಾನ ಮಾಡಿತು. ನ್ಯಾಯವೇ. ಅವರ ದೇಶ, ಅವರ ಕುರ್ಚಿ. ಹೆಂಡತಿಗೆ ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಇನ್ನೂ ಕೆಲಸವಿದೆ. ಹಾಗಾಗಿ ನಾನು ಅವಳ ವೀಸಾದಲ್ಲಿ ಮನೆಯಲ್ಲಿ ಕೂತು, ಮೀನು ಸಾರು ಕುದಿಸುತ್ತಾ, ಕೇಳದವರಿಗೂ ಬುದ್ಧಿ ಹೇಳುತ್ತಿದ್ದೇನೆ.

ನಾನು ಸೇರಿದಾಗ ರೀಲಿನ ಕಾಲ. ಮಸ್ಕತ್‌ನಿಂದ ಪಿಕಪ್ ಗಾಡಿಯಲ್ಲಿ ತಗಡಿನ ಡಬ್ಬಗಳು ಬರುತ್ತಿದ್ದವು, ಬಿಸಿಲಿಗೆ ಕಾದು ಇಡ್ಲಿ ಪಾತ್ರೆಯ ಹಾಗೆ. ಒಂದೇ ಪಿಕ್ಚರನ್ನು ನಮಗೂ ಸೊಹಾರಿನ ಹಾಲ್‌ಗೂ ಹಂಚುತ್ತಿದ್ದರು. ನಮ್ಮಲ್ಲಿ ಒಂದು ರೀಲು ಮುಗಿದ ಕೂಡಲೇ ಡ್ರೈವರ್ ಅದನ್ನೆತ್ತಿಕೊಂಡು ಸೊಹಾರಿಗೆ ಓಡಬೇಕು. ದಾರಿಯಲ್ಲಿ ಒಂಟೆ ಅಡ್ಡ ನಿಂತು ಡಬ್ಬಗಳು ಹಿಂದುಮುಂದಾದರೆ ಸೊಹಾರಿನಲ್ಲಿ ಮೊದಲು ಮಗು ಹುಟ್ಟುತ್ತಿತ್ತು, ಆಮೇಲೆ ಮದುವೆ, ಕೊನೆಗೆ ಹೀರೋ ಹೀರೋಯಿನ್ ಬಸ್ ಸ್ಟಾಪಿನಲ್ಲಿ ಮೊದಲ ಸಲ ಭೇಟಿ. ಯಾರೂ ದೂರು ಕೊಟ್ಟದ್ದಿಲ್ಲ. ಒಬ್ಬರಂತೂ ಹೊರಗೆ ಬಂದು, "ಹೊಸ ಥರ ಮಾಡಿದ್ದಾರೆ" ಎಂದು ಹೊಗಳಿ ಹೋದರು.

ಆಮೇಲೆ ಡಿಜಿಟಲ್ ಬಂತು. ಡಬ್ಬ ಹೋಗಿ ಬೈಬಲ್‌ನಷ್ಟು ಗಾತ್ರದ ಒಂದು ಡಿಸ್ಕ್. ಇಲ್ಲಿ ಲೈಟ್ ಆರಿಸು, ಇಲ್ಲಿ ಇಂಟರ್ವಲ್ ಬಿಡು, ಇಲ್ಲಿ ಲೈಟ್ ಹಾಕಿ ಮುಗಿಸು ಎಂದು ಬೆಳಿಗ್ಗೆಯೇ ಮೆಷಿನ್‌ಗೆ ಹೇಳಿಟ್ಟರೆ ಇಡೀ ದಿನ ಅದೇ ನೋಡಿಕೊಳ್ಳುತ್ತದೆ. ಮೆಷಿನ್ ಬುದ್ಧಿವಂತ ಆಯಿತು. ಅದಕ್ಕೆ ಹೇಳುವವರು ಆಗಲಿಲ್ಲ.

ಹೇಳುವವರು ಅಂದರೆ ನಮ್ಮ ಏರಿಯಾ ಮ್ಯಾನೇಜರ್ ಪಾಟೀಲರು, ಬಾಗಲಕೋಟೆ ಕಡೆಯ ಇಂಜಿನಿಯರ್. ಹಾಲ್‌ಗಳ ಏಸಿ ರಿಪೇರಿಗೆಂದು ಬಂದವರು ಹಾಲ್‌ಗಳನ್ನೇ ರಿಪೇರಿ ಮಾಡಲು ನಿಂತರು. ಏಸಿ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ, ಒಪ್ಪುತ್ತೇನೆ. ಆದರೆ ಇಷ್ಟು ವರ್ಷದಲ್ಲಿ ಅವರು ಒಂದು ಪಿಕ್ಚರನ್ನು ಮೊದಲಿಂದ ಕೊನೆತನಕ ಕೂತು ನೋಡಿದ್ದನ್ನು ನಾನು ಕಂಡಿಲ್ಲ. ಬಂದು, ಬಾಗಿಲಲ್ಲಿ ನಿಂತು, ಕೈಯನ್ನು ಗಾಳಿಗೆ ಹಿಡಿದು, "ಥಂಡ್ ಐತಿ, ಛಲೋ" ಎಂದು ಹೋಗುತ್ತಿದ್ದರು.

ಅವರ ಮೊದಲ ಸುಧಾರಣೆ ಇಂಟರ್ವಲ್. ನಮ್ಮ ಕಡೆಯ ಪಿಕ್ಚರ್‌ಗಳಲ್ಲಿ ಇಂಟರ್ವಲ್ ಎಲ್ಲಿ ಎಂದು ಮಾಡಿದವರೇ ತೋರಿಸಿರುತ್ತಾರೆ. ಇಂಗ್ಲಿಷ್‌ನಲ್ಲಿ ಇರುವುದಿಲ್ಲ, ನಾವೇ ಜಾಗ ಹುಡುಕಬೇಕು. ಕಥೆ ಸ್ವಲ್ಪ ಉಸಿರು ಬಿಡುವ ಕಡೆ ನೋಡಿ ಇಡುತ್ತಿದ್ದೆ. ಪಾಟೀಲರಿಗೆ ಅದು ಸರಿಬರಲಿಲ್ಲ.

"ಅರ್ಧಾ ಅಂದ್ರ ಅರ್ಧಾರೀ ಹೆನ್ರಿ. ಉಸರು ಗಿಸರು ಏನದು? ಒಟ್ಟು ಟೈಮ್‌ಗೆ ಎರಡರಿಂದ ಭಾಗಸ್ರಿ, ಅಲ್ಲೇ ನಿಲ್ಲಸ್ರಿ."

ಭಾಗಿಸಿದೆ. ಪರಿಣಾಮವಾಗಿ ಒಂದು ಪಿಕ್ಚರ್‌ನಲ್ಲಿ ಬಾಂಬಿನ ಕೆಂಪು ತಂತಿಗೆ ಕತ್ತರಿ ಹಾಕುವ ಕೈ ಹಾಗೇ ನಿಂತು ಲೈಟ್ ಬಂತು. ಜನ ಸಮೋಸ ತಿಂದು, ಕೈ ತೊಳೆದು, ಊರಿಗೆ ಫೋನ್ ಮಾಡಿ ಬಂದ ಮೇಲೆ ಬಾಂಬು ನಿಷ್ಕ್ರಿಯ ಆಯಿತು. ಆ ದಿನ ಸಮೋಸ ಚೆನ್ನಾಗಿ ಹೋದದ್ದರಿಂದ ಅದೇ ಪದ್ಧತಿ ಎಲ್ಲ ಹಾಲ್‌ಗೂ ಹೋಯಿತು.

ಎರಡನೇ ಸುಧಾರಣೆಯೇ ಈ ಬರಹದ ವಿಷಯ. ಪಿಕ್ಚರ್ ಮುಗಿದು ಪರದೆಯ ಮೇಲೆ ಹೆಸರುಗಳ ಸಾಲು ಬರುತ್ತದಲ್ಲ, ಅದು ಶುರುವಾದ ಕೂಡಲೇ ಕಂಪನಿಯ ಎಲ್ಲ ಹಾಲ್‌ಗಳಲ್ಲೂ ಲೈಟ್ ಹಾಕಿ ಮೆಷಿನ್ ನಿಲ್ಲಿಸಬೇಕು. ಜನ ಬೇಗ ಹೊರಗೆ, ಕ್ಲೀನರ್ ಜಸೀಮ್ ಬೇಗ ಒಳಗೆ, ಮುಂದಿನ ಶೋ ಬೇಗ ಶುರು. ದೊಡ್ಡ ಇಂಗ್ಲಿಷ್ ಪಿಕ್ಚರ್‌ಗಳಲ್ಲಿ ಹೆಸರಿನ ಆಚೆ ಒಂದು ತುಣುಕು ಇಡುತ್ತಾರೆ ಎಂದು ಸ್ಕೂಲ್ ಮಕ್ಕಳಿಗೂ ಗೊತ್ತು. ಅವಕ್ಕೆ ಮಾತ್ರ ವಿನಾಯಿತಿ. ಮಿಕ್ಕ ಯಾವುದಕ್ಕೂ ಇಲ್ಲ.

"ಸರ್, ಅಷ್ಟು ಜನ ಕೆಲಸ ಮಾಡಿದ್ದಾರೆ, ಹೆಸರಾದ್ರೂ ಬರ್ಲಿ ಅಲ್ವಾ" ಎಂದು ಒಮ್ಮೆ ಹೇಳಿ ನೋಡಿದೆ.

"ಯಾರ್ ಓದ್ತಾರ್ರೀ ಅವನ್ನ? ಲೈಟ್ ಹಿಡ್ದಾವನ ಹೆಸರು ಓದಿ ನಾವೇನು ಅವಂಗ ಹೆಣ್ಣು ಕೊಡಾಕ ಹೊಂಟೇವೇನು? ಹೆಸರು ಬಂದ್ವು ಅಂದ್ರ ಲೈಟ್ ಹಚ್ರಿ. ಮುಗೀತು."

ಮುಗಿಯಿತು.

ಇನ್ನು ಜುವೈನಾ. ನಮ್ಮ ಟಿಕೆಟ್ ಕೌಂಟರ್‌ನ ಮುಖ್ಯಸ್ಥೆ, ಸುವೈಕ್‌ನಲ್ಲೇ ಹುಟ್ಟಿ ಬೆಳೆದವಳು, ನಲವತ್ತರ ಹತ್ತಿರ. ಹಿಂದಿ ಕಲಿತದ್ದು ನಮ್ಮ ಹಾಲ್‌ನಲ್ಲೇ. ಸಿಟ್ಟು ಬಂದಾಗ ಹಿಂದಿ ಪಿಕ್ಚರ್‌ನ ಅತ್ತೆಯ ಹಾಗೆ ಮಾತಾಡುತ್ತಿದ್ದಳು. ನನ್ನ ಕುರ್ಚಿಗೆ ಅವಳನ್ನೇ ತಯಾರು ಮಾಡಿ ಎಂದು ಕಂಪನಿ ಹೇಳಿತ್ತು. ಆದರೆ ಕೊನೆಯ ಮಾತು ಪಾಟೀಲರದ್ದು. ಅವರು ಹೆಸರು ಕಳಿಸಿದರೆ ಅವಳು ಮ್ಯಾನೇಜರ್, ಕಳಿಸದಿದ್ದರೆ ಕಿಟಕಿಯ ಹಿಂದೆಯೇ ಮುದುಕಿಯಾಗಬೇಕು. ಪಾಟೀಲರಿಗೆ ತಲೆಯಾಡಿಸುವವರು ಬೇಕಿತ್ತು. ಜುವೈನಾ ತಲೆಯಾಡಿಸುವ ಮೊದಲು "ಯಾಕೆ?" ಎಂದು ಕೇಳುವವಳು.

ಅಂಥವಳು ಒಂದು ದಿನ ಪಾಟೀಲರ ಎದುರು ಕೂತು ಒಂದು ಜಪಾನಿ ಪಿಕ್ಚರ್ ತರಿಸಿ ಎಂದು ಕೇಳಿದಳು.

"ಕಾರ್ಟೂನಾ?" ಎಂದರು ಪಾಟೀಲರು.

"ಕಾರ್ಟೂನಿನಿಂದ ಮಾಡಿದ್ದು. ಆದರೆ ನಿಜವಾದ ಜನ ಇದ್ದಾರೆ. ನಾವು ಚಿಕ್ಕವರಿದ್ದಾಗ ಟೀವಿಯಲ್ಲಿ ಅರಬಿಯಲ್ಲಿ ಬರುತ್ತಿತ್ತು. ಸ್ಕೂಲ್ ಬಿಟ್ಟು ಊರಿಗೆ ಊರೇ ಮನೆಗೆ ಓಡುತ್ತಿತ್ತು. ನನ್ನ ಅಣ್ಣ ಒಂದು ದಿನ ಚಪ್ಪಲಿ ಬಿಟ್ಟು ಓಡಿ ಬಂದ."

ಕಥೆ ಹೇಳಿದಳು. ಸೂರ್ಯ ತಣ್ಣಗಾಗುತ್ತಿದ್ದಾನೆ, ಭೂಮಿ ಹೆಪ್ಪುಗಟ್ಟುತ್ತಿದೆ. ಒಂದು ಹಳೇ ಮೀನು ದೋಣಿಗೆ ಎಂಜಿನ್ ಕಟ್ಟಿ ಆಕಾಶಕ್ಕೆ ಬಿಟ್ಟಿದ್ದಾರೆ. ಬಿಸಿ ಇರುವ ಸಣ್ಣ ನಕ್ಷತ್ರಗಳನ್ನು ಬಲೆ ಬೀಸಿ ಹಿಡಿದು ಭೂಮಿಗೆ ತರಬೇಕು. ಒಂದು ಕೈಯ ಕಪ್ತಾನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದೋಣಿಯಿಂದ ಹೊರಗೆ ಹಾರುತ್ತಾನೆ.

ಸುವೈಕ್ ಮೀನುಗಾರರ ಊರು. ಈ ಕಥೆ ಇಲ್ಲಿನ ಮಕ್ಕಳ ತಲೆಯಲ್ಲಿ ಹೇಗೆ ಕೂತಿರಬಹುದು ಎಂದು ನನಗೆ ಆಗ ಹೊಳೆಯಿತು. ಇಷ್ಟು ವರ್ಷ ಇವರ ಪಕ್ಕದಲ್ಲೇ ಬದುಕಿ, ಇವರ ಖರ್ಜೂರ ತಿಂದು, ಇವರ ಕಾಫಿ ಕುಡಿದು, ಇವರು ಚಿಕ್ಕಂದಿನಲ್ಲಿ ಏನು ನೋಡಿ ಅತ್ತರು ಎಂದು ನಾವು ಒಬ್ಬರೂ ಕೇಳಿದವರಲ್ಲ. ನಮಗೆ ಗೊತ್ತಿದ್ದದ್ದು ವೀಸಾ ಕೊಟ್ಟ ಕಫೀಲ್ ಯಾರು, ರಜೆ ಯಾವಾಗ, ಎರಡೇ.

ಪಾಟೀಲರಿಗೆ ಏನೂ ಹೊಳೆಯಲಿಲ್ಲ. ಅವಳಿಗೆ ಹಿಂದಿಯಲ್ಲಿ, "ಒಂದು ವಾರ ಕೊಡ್ತೀನಿ. ನಿನ್ನ ಜವಾಬ್ದಾರಿ. ಜನ ಬರದಿದ್ದರೆ ಮ್ಯಾನೇಜರ್ ಕುರ್ಚಿ ಮರೆತುಬಿಡು" ಎಂದರು. ಅವಳು "ಮಂಜೂರ್" ಎಂದು ಎದ್ದು ಹೋದಳು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ ಕಣ್ಣು ಹೊಡೆದರು. "ಬಿಡ್ರಿ, ಪೀಡಾ ಹೋತು. ತಾನ ಹಳ್ಳ ತೋಡ್ಕೊಂಡಾಳ."

ಹಳ್ಳ ಇನ್ನೂ ಆಳವಾಗಲಿ ಎಂದು ಶೋ ಟೈಮನ್ನು ತಾವೇ ಇಟ್ಟರು. ಕಾರ್ಟೂನ್ ಅಂದರೆ ಮಕ್ಕಳು, ಮಕ್ಕಳಿಗೆ ರಜೆ ಶುಕ್ರವಾರ, ಆದ್ದರಿಂದ ಶುಕ್ರವಾರ ಮಧ್ಯಾಹ್ನದ ಮೊದಲು. ಬಲೂನು ಬೇರೆ ಫ್ರೀ. ಒಮಾನಿನಲ್ಲಿ ಶುಕ್ರವಾರ ಆ ಹೊತ್ತಿಗೆ ಗಂಡಸರೆಲ್ಲ ಎಲ್ಲಿರುತ್ತಾರೆ ಎಂದು ಇಲ್ಲಿನ ಬೆಕ್ಕಿಗೂ ಗೊತ್ತು. ಊರಿಡೀ ಮಸೀದಿಯಲ್ಲಿರುವಾಗ ನಾವು ಹಾಲ್ ತೆರೆದು ಬಲೂನಿಗೆ ಗ್ಯಾಸ್ ತುಂಬುತ್ತಿದ್ದೆವು.

ಬಂದದ್ದು ನಮ್ಮವರ ಮಕ್ಕಳು ನಾಲ್ಕಾರು. ಪರದೆಯ ಮೇಲೆ ಗಡ್ಡದ ಜಪಾನಿಗಳು ಗಂಭೀರವಾಗಿ ಹಗ್ಗ ಹೊಸೆಯುತ್ತಿದ್ದಾರೆ. ಒಬ್ಬ ಎದ್ದು ಬಂದು ನನ್ನ ತೋಳು ಜಗ್ಗಿ, "ಅಂಕಲ್, ವೇರ್ ಈಸ್ ದ ರೋಬೋ?" ಎಂದ. ರೋಬೋ ಇಲ್ಲ ಮಗಾ ಎಂದೆ. "ದೆನ್ ವಾಟ್ ಈಸ್ ದ ಪಾಯಿಂಟ್?" ಎಂದು ಅಪ್ಪನನ್ನು ಎಬ್ಬಿಸಿಕೊಂಡು ಹೋದ. ಬಿಟ್ಟ ಬಲೂನೊಂದು ಮೇಲಕ್ಕೇರಿ ಮೆಷಿನ್‌ನ ಬೆಳಕಿಗೆ ಅಡ್ಡ ನಿಂತಿತು. ಕಪ್ತಾನ ಹಾರುವ ಮಹಾ ದೃಶ್ಯದಲ್ಲಿ ಅವನ ಮುಖದ ಜಾಗದಲ್ಲಿ ಒಂದು ದುಂಡು ಕಪ್ಪು ನೆರಳು. ಅದನ್ನು ಕೋಲಿನಿಂದ ಹೊಡೆಯಲು ನಾನು ಮೇಲೆ ಓಡಿದೆ. ಕೊನೆ ನೋಡಲಿಲ್ಲ. ಹೇಳಿದೆನಲ್ಲ, ಈ ಕೆಲಸದಲ್ಲಿ ಯಾರೂ ನೋಡುವುದಿಲ್ಲ.

ಪಾಟೀಲರು ಫೋನಿನಲ್ಲಿ ನಕ್ಕರು. "ಏನಂತಾಳ್ರೀ ನಿಮ್ಮ ಮ್ಯಾನೇಜರ್ ಬಾಯಿ?"

ಮ್ಯಾನೇಜರ್ ಬಾಯಿ ಟೈಮನ್ನು ಸಂಜೆಗೆ ಬದಲಿಸಿ, ಶನಿವಾರ ಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ ಹೋಗಿ, ಅಲ್ಲಿ ಖಲ್ಫಾನ್‌ಗೆ ಒಂದು ಮಾತು ಹೇಳಿ ಬಂದಳು. ಖಲ್ಫಾನ್ ದೋಣಿ ಎಂಜಿನ್ ರಿಪೇರಿ ಅಂಗಡಿಯವನು, ಅವಳ ಅಣ್ಣನ ಸಹಪಾಠಿ, ಬಾಗಿಲಲ್ಲಿ ಅಡ್ಡ ತಿರುಗಿ ಬರಬೇಕಾದಷ್ಟು ದೊಡ್ಡ ಹೊಟ್ಟೆ. ಅವನಿಗೆ ಹೇಳಿದರೆ ಬಾತಿನಾ ಕರಾವಳಿಗೆಲ್ಲ ಹೇಳಿದ ಹಾಗೆ.

ಸಂಜೆ ಹಾಲ್‌ನ ಮುಂದೆ ಬಿಳಿ ನಿಲುವಂಗಿಗಳ ಸಾಲು. ನಲವತ್ತು ದಾಟಿದ ಮೀಸೆಗಳು, ಅಬಾಯಾ ತೊಟ್ಟ ಅವರ ಹೆಂಡತಿಯರು, ಪೊಲೀಸರು, ಮೇಷ್ಟ್ರುಗಳು, ಅತ್ತರು ಮತ್ತು ಡೀಸೆಲ್ ಸೇರಿದ ಒಂದು ವಾಸನೆ. ಪಿಕ್ಚರ್ ಶುರುವಾಗಿ ಮೊದಲ ಸಂಗೀತ ಬಂತು. ಜಪಾನಿ ಸಂಗೀತ. ಅದರ ಮೇಲೆ ಇವರು ಅರಬಿಯಲ್ಲಿ ತಮ್ಮ ಚಿಕ್ಕಂದಿನ ಹಾಡನ್ನು ಹಾಡತೊಡಗಿದರು, ಇಡೀ ಹಾಲ್, ತಾಳ ತಪ್ಪದೆ. ಜುವೈನಾ ಬಾಗಿಲಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದಳು. "ಹೆನ್ರಿ ಭಾಯ್, ನೋಡಿದ್ಯಾ?" ಎಂದಳು. ಗೆದ್ದೆ ಎನ್ನುವ ಮುಖ.

ಕೊನೆಗೆ ಕಪ್ತಾನ ನಕ್ಷತ್ರಗಳ ನಡುವೆ ಬಲೆ ಬೀಸುತ್ತಾನೆ. ಹಗ್ಗ ಸಡಿಲವಾಗುತ್ತದೆ. ದೋಣಿಯವರು ಎಳೆಯುತ್ತಾರೆ, ಭಾರವೇ ಇಲ್ಲ. ಹಗ್ಗ ದೋಣಿಯ ಹಲಗೆಯ ಮೇಲೆ ಸತ್ತ ಹಾವಿನ ಹಾಗೆ ಬಿದ್ದಿದೆ. ಭೂಮಿಯಲ್ಲಿ ಬೆಳಗಾಗುತ್ತದೆ. ಹೆಸರುಗಳು ಬಂದವು. ಲೈಟ್ ಬಂತು. ಜಸೀಮ್ ಪೊರಕೆ ಹಿಡಿದು ಒಳಗೆ ಬಂದ.

ಯಾರೂ ಎದ್ದೇಳಲಿಲ್ಲ. ಆಮೇಲೆ ಒಬ್ಬೊಬ್ಬರೇ, ಸಾವಿನ ಮನೆಯಿಂದ ಹೊರಟವರ ಹಾಗೆ ಹೊರಟರು. ಖಲ್ಫಾನ್ ಜುವೈನಾಳ ಎದುರು ನಿಂತು, "ಕಪ್ತಾನ ಸತ್ತನಾ?" ಎಂದ.

"ಸತ್ತ ಅಂತ ಕಾಣುತ್ತೆ."

"ಕಾರ್ಟೂನಿನಲ್ಲಿ ಅವನು ವಾಪಸ್ ಬರ್ತಾನೆ. ಹಗ್ಗ ಬಿಗಿ ಆಗ್ತದೆ. ನಿನಗೂ ಗೊತ್ತು, ನನಗೂ ಗೊತ್ತು."

"ಜಪಾನಿನವರು ಬದಲಾಯಿಸಿದ್ದಾರೆ, ಖಲ್ಫಾನ್. ನಾನೇನು ಮಾಡಲಿ?"

"ನಮ್ಮನ್ನು ಕರೆದದ್ದು ಜಪಾನಿನವರಲ್ಲ, ನೀನು" ಎಂದು ಹೇಳಿ ಅವನು ಹೊರಟುಹೋದ.

ಮರುದಿನ ಅರ್ಧ ಹಾಲ್. ಅದರ ಮರುದಿನ ಮುಂದಿನ ಸಾಲು ಪೂರ್ತಿ ಖಾಲಿ. ಕಪ್ತಾನನನ್ನು ಕೊಂದಿದ್ದಾರೆ, ಹೋಗಬೇಡಿ ಎಂದು ಮಾರ್ಕೆಟ್ಟಿನಲ್ಲೆಲ್ಲ ಸುದ್ದಿ. ಬುಧವಾರ ಜುವೈನಾ ಕೌಂಟರ್‌ನಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ಗುರುವಾರ ಸಂಜೆ ಒಬ್ಬ ದೊಡ್ಡ ಸ್ಟಾರ್‌ನ ಹೊಸ ಪಿಕ್ಚರ್ ನಮ್ಮ ಕಡೆಯಿಂದ ಬರುವುದಿತ್ತು. ಜಪಾನಿ ಪಿಕ್ಚರ್‌ಗೆ ಅದಕ್ಕೆ ಮುಂಚಿನದೇ ಕೊನೆಯ ಶೋ. "ಖಲಾಸ್ ಹೆನ್ರಿ ಭಾಯ್" ಎಂದಳು. "ನಿನ್ನ ಕುರ್ಚಿಗೆ ಬೇರೆ ಯಾರಾದರೂ ಸಿಗ್ತಾರೆ." ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಒಂದು ಚಹಾ ತಂದಿಟ್ಟೆ.

ಗುರುವಾರ ಸಂಜೆ ಕೊನೆಯ ಶೋ ನಡೆಯುತ್ತಿರುವಾಗ ಹೊರಗೆ ಗಾಡಿಗಳು ಬಂದು ನಿಂತವು. ಮೊದಲ ಗಾಡಿಯಿಂದ ಖಲ್ಫಾನ್ ಇಳಿದ, ಹಿಂದೆ ಒಂದು ಜಾತ್ರೆಯಷ್ಟು ಜನ. ಅವನ ಭಾವಮೈದ ಬುರೈಮಿಯಲ್ಲಿರುತ್ತಾನೆ. ಬುರೈಮಿಯಲ್ಲೂ ನಮ್ಮ ಕಂಪನಿಯದೇ ಹಾಲ್ ಇದೆ, ಆದರೆ ಪುಣ್ಯಾತ್ಮ ಗಡಿ ದಾಟಿ ಯುಎಇಯ ಅಲ್ ಐನ್‌ಗೆ ಹೋಗಿ ಬೇರೆ ಕಂಪನಿಯ ಹಾಲ್‌ನಲ್ಲಿ ಪಿಕ್ಚರ್ ನೋಡಿದ್ದಾನೆ.

"ಅಲ್ ಐನ್‌ನಲ್ಲಿ ಹಗ್ಗ ಬಿಗಿ ಆಗಿದೆ!" ಎಂದು ಖಲ್ಫಾನ್ ಕೌಂಟರಿನ ಗಾಜಿಗೆ ಗುದ್ದಿದ. "ಹೆಸರೆಲ್ಲ ಮುಗಿದ ಮೇಲೆ ಬಿಗಿ ಆಗಿದೆ. ನಮ್ಮ ಹಗ್ಗ ಯಾರು ಕದ್ದರು?"

ಸ್ಟಾರ್ ಪಿಕ್ಚರ್‌ನ ಗದ್ದಲ ನೋಡಿಕೊಳ್ಳಲು ಪಾಟೀಲರು ಅಂದು ಹಾಲ್‌ನಲ್ಲೇ ಇದ್ದರು. ವಿಷಯ ಏನೆಂದು ನನ್ನಿಂದ ತಿಳಿದುಕೊಂಡು, ಜುವೈನಾಳನ್ನೂ ನನ್ನನ್ನೂ ಆಫೀಸಿನೊಳಗೆ ಎಳೆದು ಬಾಗಿಲು ಹಾಕಿದರು. ಅವರ ಮುಖದಲ್ಲಿ ಬೆವರು. ಅವರೇ ಮೆಚ್ಚಿದ ಏಸಿ ಓಡುತ್ತಿತ್ತು.

"ನಮಗ ಬಂದ ಕಾಪಿಯೊಳಗ ಇಷ್ಟ ಐತಿ ಅಂತ ಹೇಳಿಸ್ರಿ ಇಕೀ ಕಡೆಯಿಂದ" ಎಂದು ನನಗೆ ಕನ್ನಡದಲ್ಲಿ ಅಂದು, ಆಮೇಲೆ ಹಿಂದಿಯಲ್ಲಿ ಅವಳಿಗೇ ಹೇಳಿದರು. "ನೀನು ಈ ಊರಿನವಳು. ಅರಬಿಯಲ್ಲಿ ಹೇಳು, ನಿನ್ನ ಮಾತು ನಂಬುತ್ತಾರೆ. ಜನ ಚದುರಲಿ. ನಾಳೆಯೇ ಮ್ಯಾನೇಜರ್ ಕುರ್ಚಿಗೆ ನಿನ್ನ ಹೆಸರು ಕಳಿಸುತ್ತೇನೆ. ಹೇಳದಿದ್ದರೆ, ಪಿಕ್ಚರ್ ತರಿಸಿದ್ದು ನೀನು, ಗಲಾಟೆಯೂ ನಿನ್ನದೇ ಎಂದು ಬರೆಯುತ್ತೇನೆ."

ಅವಳು ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ಹೆನ್ರಿ ಭಾಯ್, ಹಗ್ಗ ಇದೆಯಾ, ಇಲ್ವಾ?"

"ಗೊತ್ತಿಲ್ಲ. ನಾವು ಯಾರೂ ಅಲ್ಲಿ ತನಕ ಓಡಿಸಿಲ್ಲ. ನೋಡಿ ಬರ್ತೇನೆ."

ಮೇಲೆ ಹೋದೆ. ಮೆಷಿನ್‌ನ ಪಕ್ಕದ ಸಣ್ಣ ಕಂಪ್ಯೂಟರ್‌ನಲ್ಲಿ ಪಿಕ್ಚರ್‌ನ ಕೊನೆಯ ಉದ್ದ ನೋಡಿದರೆ, ನಾನು ಲೈಟ್ ಹಾಕಲು ಗುರುತು ಇಟ್ಟಿದ್ದ ಜಾಗದ ಆಚೆ ಹೆಸರುಗಳು, ಹೆಸರು ಮುಗಿದು ಸ್ವಲ್ಪ ಕತ್ತಲೆ, ಕತ್ತಲೆಯ ಆಚೆ ಇನ್ನೂ ಏನೋ ಇತ್ತು. ಅಷ್ಟು ಸಾಕಾಯಿತು. ಇಳಿದು ಬಂದು, "ಉಂಟು" ಎಂದೆ. ಗಡಿಬಿಡಿಯಲ್ಲಿ ಕನ್ನಡದಲ್ಲೇ ಅಂದಿದ್ದೆ. ಅವಳಿಗೆ ಅರ್ಥವಾಯಿತು, ಪಾಟೀಲರಿಗೆ ಇನ್ನೂ ಚೆನ್ನಾಗಿ.

"ಏನ್ರೀ ಹೆನ್ರಿ, ತಲಿ ಕೆಟ್ಟೈತೇನ್ರೀ?" ಎಂದರು.

ಜುವೈನಾ ತಲೆವಸ್ತ್ರ ಸರಿ ಮಾಡಿಕೊಂಡು ಹೊರಗೆ ಹೋದಳು. ಪಾಟೀಲರೂ ನಾನೂ ಹಿಂದೆ. ಅವಳು ಹೇಳಿದ ಅರಬಿ ನನಗೆ ಅರ್ಥವಾಗುವಷ್ಟು ಸರಳವಾಗಿತ್ತು. "ಹಗ್ಗ ಇದೆ. ನಾವೇ ಲೈಟ್ ಹಾಕಿ ನಿಲ್ಲಿಸುತ್ತಿದ್ದೆವು. ಜಪಾನಿನವರ ತಪ್ಪಲ್ಲ, ಹಾಲ್‌ನ ತಪ್ಪು. ಒಳಗೆ ಬನ್ನಿ, ಕೂತುಕೊಳ್ಳಿ, ಪೂರ್ತಿ ನೋಡಿ."

ಪಾಟೀಲರಿಗೆ ಅರಬಿ ಬರುವುದಿಲ್ಲ. ತಾವು ಹೇಳಿಕೊಟ್ಟದ್ದನ್ನೇ ಅವಳು ಹೇಳಿದಳು ಎಂದುಕೊಂಡು ತಲೆಯಾಡಿಸುತ್ತಾ ನಿಂತಿದ್ದರು. ಜನ ಚದುರುವ ಬದಲು ಒಳಗೆ ನುಗ್ಗಿದಾಗ ಅವರ ಆ ತಲೆ ಅಲ್ಲೇ ನಿಂತಿತು.

ಒಳಗೆ ಕಪ್ತಾನ ಹಾರಿ ಆಗಿತ್ತು. ಖಲ್ಫಾನ್‌ನ ಪಡೆ ಸಿಕ್ಕಸಿಕ್ಕ ಕುರ್ಚಿಯಲ್ಲಿ ಕೂತಿತು. ಅಷ್ಟರಲ್ಲಿ ಸ್ಟಾರ್ ಪಿಕ್ಚರ್‌ಗೆ ಬಂದ ನಮ್ಮವರು ಹೊರಗೆ ಗುಂಪು ಸೇರಿದ್ದರು. ಗದಗದ ಕಡೆಯ ಒಬ್ಬ ಹೆಂಗಸು ಪಾಪ್‌ಕಾರ್ನ್ ಡಬ್ಬ ಹಿಡಿದುಕೊಂಡು ನನ್ನನ್ನು ತಡೆದಳು.

"ಏನ್ರೀ, ನಮ್ಮ ಪಿಕ್ಚರ್ ಟೈಮ್ ಆತಲ್ಲ? ಇದ್ಯಾರ ಮದುವೀ ದಿಬ್ಬಣ?"

"ಅಕ್ಕಾ, ನೀವೂ ಒಳಗೆ ಬನ್ನಿ. ಗೋಡೆ ಬದಿಗೆ ನಿಂತುಕೊಳ್ಳಿ. ಇವರದ್ದು ಸ್ವಲ್ಪ ಬಾಕಿ ಉಂಟು."

"ಜಪಾನಿ ಪಿಕ್ಚರ್ ನೋಡಾಕ ನಾ ಬಂದಿಲ್ಲ."

"ಹಗ್ಗ ಬಿಗಿ ಆಗ್ತದಾ ಇಲ್ವಾ ಅಷ್ಟು ನೋಡಿ, ಸಾಕು."

ಏನು ತಿಳಿಯಿತೋ, ಡಬ್ಬ ಹಿಡಿದುಕೊಂಡೇ ಒಳಗೆ ಹೋದಳು. ಅವಳ ಹಿಂದೆ ಎಲ್ಲರೂ.

ನಾನು ಮೇಲೆ ಓಡಿ, ಒಳಗಿಂದ ಚಿಲಕ ಹಾಕಿ, ಲೈಟಿನ ಗುರುತು ಅಳಿಸಿ ಕೂತೆ. ಹಗ್ಗ ಸಡಿಲವಾಯಿತು. ಬೆಳಗಾಯಿತು. ಹೆಸರುಗಳು ಶುರುವಾದವು, ಜಪಾನಿ ಅಕ್ಷರದಲ್ಲಿ, ಮೇಲಿಂದ ಕೆಳಗೆ ಇರುವೆ ಸಾಲಿನ ಹಾಗೆ. ಹಿಂದೆ ಬಾಗಿಲು ಬಡಿದ ಸದ್ದು. ಪಾಟೀಲರು.

"ಹೆನ್ರಿ! ಲೈಟ್ ಹಚ್ರೀ!" ಸ್ವಲ್ಪ ಹೊತ್ತಿಗೆ, "ಲೈಟ್ ಹಚ್ಚಲೇ! ಸ್ಟಾರ್ ಪಿಕ್ಚರ್ ಲೇಟ್ ಆಗಾಕತ್ತೈತಿ!" ಇಷ್ಟು ವರ್ಷ 'ರೀ' ಅಂದವರು ಒಂದೇ ಏಟಿಗೆ 'ಲೇ'ಗೆ ಇಳಿದರು.

"ಸರ್, ಕಪ್ತಾನ ಇನ್ನೂ ಹೊರಗೆ ಇದ್ದಾನೆ" ಎಂದೆ. ಚಿಲಕ ತೆಗೆಯಲಿಲ್ಲ. ಇದರಲ್ಲಿ ನನ್ನ ಶೌರ್ಯ ಏನೂ ಇಲ್ಲ. ನಾನು ಹೇಗೂ ಹೋಗುವವನು, ನನ್ನನ್ನು ಏನು ಮಾಡುತ್ತಾರೆ? ಕುರ್ಚಿ ಕಳೆದುಕೊಳ್ಳುವವಳು ಕೆಳಗೆ ನಿಂತಿದ್ದಳು.

ಹೆಸರುಗಳು ಮುಗಿಯುವ ಹಾಗೇ ಇಲ್ಲ. ಅಡುಗೆಯವರು, ಡ್ರೈವರುಗಳು, ಹಗ್ಗ ಹೊಸೆದವರು ಕೂಡ ಇರಬೇಕು. ಯಾರೂ ಅಲುಗಲಿಲ್ಲ. ಜಸೀಮ್ ಪೊರಕೆಯನ್ನು ಬಂದೂಕಿನ ಹಾಗೆ ಹೆಗಲಿಗೆ ಆನಿಸಿ ನಿಂತಿದ್ದ. ಆಮೇಲೆ ಕತ್ತಲೆ. ಅಷ್ಟು ಜನರಲ್ಲಿ ಒಂದು ಮಗು ಕೆಮ್ಮಿದ್ದು ಮೇಲಿನ ರೂಮಿಗೆ ಕೇಳಿತು.

ಪರದೆಯ ಮೇಲೆ ದೋಣಿಯ ಹಲಗೆ. ಸತ್ತ ಹಾವಿನಂತೆ ಬಿದ್ದ ಹಗ್ಗ. ಅದರ ತುದಿ ಸ್ವಲ್ಪ ಸರಿಯಿತು. ನಿಂತಿತು. ಮತ್ತೆ ಸರಿಯಿತು. ಆಮೇಲೆ ಹಗ್ಗ ಒಮ್ಮೆಲೇ ಎದ್ದು, ದೋಣಿಯ ಅಂಚಿಗೆ ಬಿಗಿದುಕೊಂಡು, ಆ ಕಡೆಯಿಂದ ಯಾರೋ ಎಳೆಯುತ್ತಿರುವ ಹಾಗೆ ನಡುಗಿತು. ಅಷ್ಟೇ. ಮುಖ ಕೂಡ ತೋರಿಸುವುದಿಲ್ಲ.

ಹಾಲ್ ಎದ್ದು ನಿಂತಿತು. ಮೀನುಗಾರರು ಕೈಯನ್ನು ಮುಂದೆ ಚಾಚಿ, ಇಲ್ಲದ ಹಗ್ಗವನ್ನು ಹಿಡಿದು, ಬಲೆ ಎಳೆಯುವಾಗ ಹಾಕುವ ಕೂಗು ಹಾಕುತ್ತಾ ಎಳೆಯತೊಡಗಿದರು. ಖಲ್ಫಾನ್ ಹೊಟ್ಟೆಯನ್ನು ಮುಂದಿನ ಕುರ್ಚಿಗೆ ಒತ್ತಿ ಎಳೆಯುತ್ತಿದ್ದ, ಕಣ್ಣಲ್ಲಿ ನೀರು. ಗದಗದ ಹೆಂಗಸು ಪಕ್ಕದವಳಿಗೆ, "ಬಂದಾ ನೋಡ, ಬಂದಾ! ಯಾರವಾ ಅಂವಾ?" ಎನ್ನುತ್ತಿದ್ದಳು.

ಲೈಟ್ ಹಾಕಿದೆ. ಖಲ್ಫಾನ್ ಹೊರಗೆ ಬರುವಾಗ ಪಾಟೀಲರ ಹೆಗಲಿಗೆ ಕೈ ಹಾಕಿ, "ಈಗ ಖಲಾಸ್" ಎಂದ. ಪಾಟೀಲರು ನನ್ನ ಕಡೆ ತಿರುಗಿದರು. "ಇಷ್ಟಕ್ಕ ಇಷ್ಟ ಗದ್ದಲೇನ್ರೀ? ಒಂದ ಹಗ್ಗಕ್ಕ?"

ಆ ದಿನವೇ ಅವರು ಹೆಡ್ ಆಫೀಸಿಗೆ ಜುವೈನಾಳ ಮೇಲೆ ದೂರು ಕೊಟ್ಟರು. ಶಿಸ್ತಿಲ್ಲ, ಜನರನ್ನು ಎತ್ತಿಕಟ್ಟುತ್ತಾಳೆ, ಹಾಲ್ ನಡೆಸಲು ನಾಲಾಯಕ್ಕು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಂಪನಿಯ ಮಾಲೀಕರಿಗೆ ನಲವತ್ತು ದಾಟಿದ ಒಬ್ಬ ಮಗನಿದ್ದಾನೆ. ತರಿಸಿದ ಪಿಕ್ಚರನ್ನು ಮಸ್ಕತ್‌ನಲ್ಲೂ ಹಾಕಿದ್ದರು. ಅವನೂ ಅಲ್ಲಿ ಅಪ್ಪನದೇ ಹಾಲ್‌ನಲ್ಲಿ ಕಪ್ತಾನ ಸತ್ತದ್ದನ್ನು ನೋಡಿ ಮನೆಗೆ ಹೋಗಿ ಊಟ ಬಿಟ್ಟಿದ್ದನಂತೆ. ಸುವೈಕ್‌ನಲ್ಲಿ ಹಗ್ಗ ಬಿಗಿಯಾದ ಸುದ್ದಿ ಅವನಿಗೆ ತಲುಪಿತು. ಮುದುಕ ಮಾಲೀಕರು ಪಾಟೀಲರಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಸುವೈಕ್‌ನಲ್ಲಿ ಪೂರ್ತಿ ತೋರಿಸಿದ್ದು ಯಾರ ಬುದ್ಧಿ?"

ಪಾಟೀಲರು ಒಂದು ಉಸಿರೂ ತಡಮಾಡದೆ, "ನನ್ನದು ಸರ್. ಜುವೈನಾಗೆ ನಾನೇ ಟ್ರೈನಿಂಗ್ ಕೊಟ್ಟದ್ದು" ಎಂದರಂತೆ. ತಾವು ಗುರು ಆಗಬೇಕಾದರೆ ಶಿಷ್ಯೆ ಒಳ್ಳೆಯವಳಾಗಬೇಕಲ್ಲ? ಹಾಗಾಗಿ ದೂರು ವಾಪಸ್ ಬಂತು, ಹೆಸರು ಮುಂದೆ ಹೋಯಿತು. ಜುವೈನಾ ಮ್ಯಾನೇಜರ್ ಆದಳು. ನೀತಿ ಹುಡುಕುವವರು ಗಮನಿಸಿ: ಒಳ್ಳೆಯವರು ಗೆದ್ದದ್ದು ಒಳ್ಳೆಯತನದಿಂದ ಅಲ್ಲ, ಕೆಟ್ಟವನಿಗೆ ಅದರಲ್ಲಿ ಲಾಭ ಕಂಡದ್ದರಿಂದ.

ಪಾಟೀಲರ ಮೂರನೇ ಸುಧಾರಣೆ ಮರುವಾರವೇ ಬಂತು. ಇನ್ನು ಎಲ್ಲ ಪಿಕ್ಚರ್‌ಗಳ ಹೆಸರುಗಳನ್ನೂ ಕೊನೆಯ ಅಕ್ಷರದ ತನಕ ತೋರಿಸಬೇಕು, ಮುಗಿಯುವ ತನಕ ಲೈಟ್ ಹಾಕುವಂತಿಲ್ಲ. ಸ್ಟಾರ್ ಪಿಕ್ಚರ್ ಮುಗಿದು ಎದ್ದ ಜನ ಕತ್ತಲೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬರ ಕಾಲು ಉಳುಕಿತು. ಆಗಲೂ ಅವರು ಹಾಲ್‌ನೊಳಗೆ ಬಂದು ನೋಡಲಿಲ್ಲ. ಬಾಗಿಲಲ್ಲಿ ಗಾಳಿಗೆ ಕೈ ಹಿಡಿದು ಹೋದರು. ಜುವೈನಾ ಸದ್ದಿಲ್ಲದೆ ಮೆಟ್ಟಿಲಿನ ಪಕ್ಕ ಸಣ್ಣ ದೀಪಗಳನ್ನು ಹಾಕಿಸಿದಳು.

ನಾನು ಬಿಡುವ ದಿನ ಅವಳು ಹಾಲ್‌ನಲ್ಲಿ ಕೇಕ್ ಕತ್ತರಿಸಿದಳು. ಸುವೈಕ್‌ಗೆ ಜಪಾನಿ ಪಿಕ್ಚರ್ ಪರಿಚಯಿಸಿದ್ದು ತಾವು ಎಂದು ಪಾಟೀಲರು ಭಾಷಣ ಮಾಡಿದರು. ಖಲ್ಫಾನ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ, ಅವನಿಗೆ ಕೇಕ್ ಬೇಕಿತ್ತು. ಆಮೇಲೆ ಜುವೈನಾ ನನ್ನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ, "ಇವತ್ತಾದರೂ ನೋಡು ಹೆನ್ರಿ ಭಾಯ್" ಎಂದು ಅದೇ ಪಿಕ್ಚರ್ ಹಾಕಿಸಿದಳು. ಅಷ್ಟು ವರ್ಷದಲ್ಲಿ ನಾನು ಪೂರ್ತಿ ನೋಡಿದ ಒಂದೇ ಪಿಕ್ಚರ್ ಅದು. ಸುಮಾರಾಗಿತ್ತು. ನಡುವೆ ಎಳೆದಿದ್ದಾರೆ.

ಹಗ್ಗ ಸಡಿಲವಾಗಿ ಹೆಸರುಗಳು ಶುರುವಾದವು. ಪಾಟೀಲರು ಅಭ್ಯಾಸದಂತೆ ಎದ್ದು, ಫೋನು ಕಿವಿಗೆ ಹಿಡಿದು ಹೊರಗೆ ಹೋದರು. ನಾವು ಕೂತೆವು. ಹೆಸರು ಮುಗಿಯಿತು, ಹಗ್ಗ ಬಿಗಿಯಾಯಿತು. ಅದರ ಆಚೆ ಜುವೈನಾ ಇನ್ನೊಂದು ಸಾಲು ಸೇರಿಸಿದ್ದಳು, ನಮ್ಮ ಹಾಲ್‌ನದು. ಎಲ್ಲಕ್ಕಿಂತ ಮೇಲೆ ಜಸೀಮ್. ಸಮೋಸದವರು, ಟಿಕೆಟ್‌ನವರು, ಆ ರೀಲು ಹೊತ್ತ ಹಳೇ ಡ್ರೈವರ್. ಆಮೇಲೆ ನಾನು. ಜಸೀಮ್ ಫೋಟೋ ತೆಗೆದು ಊರಿಗೆ ಕಳಿಸಿದ.

ಹೊರಗೆ ಪಾಟೀಲರು ಕಾರಿನ ಪಕ್ಕ ನಿಂತಿದ್ದರು. ಯಾರೋ ಹೇಳಿರಬೇಕು, ಮುಖ ಗಂಟು ಹಾಕಿತ್ತು.

"ಎಲ್ಲಾರ ಹೆಸರು ಹಾಕ್ಯಾಳಂತ. ಪೊರಕಿ ಹಿಡ್ಯಾವಂದು ಸೈತ. ನಾನೊಬ್ಬ ಲೆಕ್ಕಕ್ಕಿಲ್ಲ. ಎಷ್ಟು ಮಾಡಿದ್ರೂ ಇಷ್ಟ ನೋಡ್ರಿ ಹೆನ್ರಿ, ಉಪಕಾರ ಅನ್ನೋದು ಇಲ್ಲ ಈ ಜನಕ್ಕ."

ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಾರು ಹೊರಟಿತು.

ಪಾಟೀಲರು ನನ್ನ ಪೋಸ್ಟ್‌ಗಳನ್ನು ಓದುತ್ತಾರೆ, ಗೊತ್ತು. ತಮ್ಮ ಸುದ್ದಿ ಬಂದ ಕೂಡಲೇ ಸಿಟ್ಟಾಗಿ ಅರ್ಧಕ್ಕೇ ಮುಚ್ಚಿಡುತ್ತಾರೆ, ಅದೂ ಗೊತ್ತು. ಆದ್ದರಿಂದ ಧೈರ್ಯವಾಗಿ ಇಲ್ಲಿ, ಎಲ್ಲಕ್ಕಿಂತ ಕೆಳಗೆ ಬರೆಯುತ್ತೇನೆ.

ಸರ್, ನಿಮ್ಮ ಹೆಸರು ಇತ್ತು. ಕೊನೆಯಲ್ಲಿತ್ತು.